ಲಾರಿಯ ಸ್ಪೀಡ್ ಗವರ್ನರ್ ತಪ್ಪು ವೇಗಕ್ಕೆ ಹಿಡಿಯುತ್ತಿದೆಯಾ? ದೋಷ ಹುಡುಕುವ ಬಗೆ

ಲಾರಿ ನಿಗದಿತ ವೇಗ ಮೀರದ ಹಾಗೆ ತಡೆಯುವ ಗವರ್ನರ್ ಬಗ್ಗೆ ಬರುವ ದೂರುಗಳಲ್ಲಿ ಹೆಚ್ಚಿನವು ಒಂದೇ ಮಾತಿನಿಂದ ಶುರುವಾಗುತ್ತವೆ: "ಗವರ್ನರ್ ಬಾಕ್ಸ್ ಕೆಟ್ಟಿದೆ, ಬದಲಾಯಿಸಿ." ಬಾಕ್ಸ್ ಬದಲಾಯಿಸುತ್ತಾರೆ. ಲಾರಿ ಮೊದಲಿನ ಹಾಗೇ ಓಡುತ್ತದೆ. ಯಾಕಂದ್ರೆ ವೇಗವನ್ನು ಅಳೆಯುವುದು ಬಾಕ್ಸ್ ಅಲ್ಲ. ಗೇರ್‌ಬಾಕ್ಸಿನ ಹಿಂಭಾಗದಲ್ಲಿ ಕೂತಿರುವ ಸೆನ್ಸರ್ ಶಾಫ್ಟ್ ತಿರುಗಿದ ಹಾಗೆ ಪಲ್ಸ್‌ಗಳನ್ನು (ವಿದ್ಯುತ್ ಮಿಡಿತಗಳನ್ನು) ಕಳಿಸುತ್ತದೆ. ಒಂದು ಕಿಲೋಮೀಟರಿಗೆ ಇಷ್ಟು ಪಲ್ಸ್ ಅಂತ ಯಾರೋ ಒಮ್ಮೆ ಒಂದು ಅಂಕಿ ತುಂಬಿಸಿರುತ್ತಾರೆ. ಬಾಕ್ಸ್ ಇವೆರಡನ್ನೂ ನಂಬಿ ಡೀಸೆಲ್ ಕಮ್ಮಿ ಮಾಡಿಸುತ್ತದೆ, ಅಷ್ಟೇ. ಹಾಗಾಗಿ ಹುಡುಕಾಟ ಶುರುವಾಗಬೇಕಾದ್ದು ವೇಗದ ಅಂಕಿ ಎಲ್ಲಿಂದ ಬರುತ್ತಿದೆ ಅನ್ನುವಲ್ಲಿಂದ. ಬಾಕ್ಸಿನ ಸರದಿ ಕೊನೆಗೆ ಬರಲಿ.

ನಿಮ್ಮ ಲಾರಿಗೆ ಮಿತಿ ಎಷ್ಟು ಅಂತ ಮೊದಲು ಖಚಿತ ಮಾಡಿಕೊಳ್ಳಿ. ಭಾರತದಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 118ನೇ ನಿಯಮದ ಪ್ರಕಾರ, 2015ರ ಅಕ್ಟೋಬರ್ 1ರಿಂದ ತಯಾರಾದ ಲಾರಿಗಳಿಗೆ ಕಂಪನಿಯಲ್ಲೇ ಗವರ್ನರ್ ಕೂತಿರಬೇಕು, ಗರಿಷ್ಠ ಗಂಟೆಗೆ 80 ಕಿ.ಮೀ. ಡಂಪರ್, ಟ್ಯಾಂಕರ್, ಅಪಾಯಕಾರಿ ಸರಕು ಸಾಗಿಸುವ ವಾಹನಗಳಿಗೆ 60. ಯುರೋಪಿನಲ್ಲಿ 1992ರ ನಿರ್ದೇಶನದಿಂದ 12 ಟನ್ನಿಗಿಂತ ಭಾರವಾದ ಲಾರಿಗಳಿಗೆ 90 ಕಿ.ಮೀ. ಮಿತಿ ಬಂತು. 2002ರ ತಿದ್ದುಪಡಿ ಅದನ್ನು 3.5 ಟನ್ ಮೇಲ್ಪಟ್ಟವಕ್ಕೂ ಹಬ್ಬಿಸಿತು. ಕೆನಡಾದ ಒಂಟಾರಿಯೊ ಮತ್ತು ಕ್ವಿಬೆಕ್ ಪ್ರಾಂತ್ಯಗಳಲ್ಲಿ 2009ರಿಂದ 105. ಅಮೆರಿಕದಲ್ಲಿ 2016ರಲ್ಲಿ ಗಂಟೆಗೆ 60, 65 ಅಥವಾ 68 ಮೈಲಿ ಅಂತ ಪ್ರಸ್ತಾವ ಬಂದರೂ ಅದು ನಿಯಮವಾಗಲಿಲ್ಲ, 2025ರಲ್ಲಿ ವಾಪಸ್ ಪಡೆದರು. ಈ ಬರಹದಲ್ಲಿ ಉದಾಹರಣೆಗೆ 80 ಇಟ್ಟುಕೊಂಡಿದ್ದೇನೆ. ನಿಮ್ಮ ಮಿತಿ ಬೇರೆ ಇದ್ದರೆ ಆ ಅಂಕಿ ಹಾಕಿಕೊಳ್ಳಿ. ಹುಡುಕುವ ದಾರಿ ಒಂದೇ.

ಮೊದಲು ಮೂರು ಅಂಕಿ ಬರೆದುಕೊಳ್ಳಿ

ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಒಂದು ರೋಡ್ ಟೆಸ್ಟ್ ಮಾಡಿ. ಸಮತಟ್ಟಾದ, ನೇರವಾದ, ಗಾಡಿಗಳು ಕಮ್ಮಿ ಇರುವ ರಸ್ತೆ ಬೇಕು. ಟೈರಿನ ಗಾಳಿ ಸರಿಯಾಗಿರಲಿ. ಟಾಪ್ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ, ವೇಗ ಇನ್ನು ಏರುವುದಿಲ್ಲ ಅನ್ನುವ ತನಕ ಹೋಗಿ. ಆಗ ಮೀಟರಿನ ಮುಳ್ಳು ಎಷ್ಟು ತೋರಿಸುತ್ತಿದೆ, ಜಿಪಿಎಸ್ ಎಷ್ಟು ಹೇಳುತ್ತಿದೆ, ಸ್ಕ್ಯಾನರಿನಲ್ಲಿ (ಗಾಡಿಯ ಕಂಪ್ಯೂಟರಿನ ಅಂಕಿ ತೋರಿಸುವ ಉಪಕರಣ) ಎಂಜಿನ್ ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್, ಎಷ್ಟು ಓದುತ್ತಿದೆ, ಈ ಮೂರನ್ನೂ ಬರೆದುಕೊಳ್ಳಿ. ಬರೆಯುವವರು ಪಕ್ಕದ ಸೀಟಿನಲ್ಲಿ ಇರಬೇಕು. ಡ್ರೈವರ್ ಕಣ್ಣು ರಸ್ತೆ ಬಿಟ್ಟು ಅಲ್ಲಾಡಬಾರದು.

ಜಿಪಿಎಸ್ ಇಲ್ಲದಿದ್ದರೆ ಕಿಲೋಮೀಟರ್ ಕಲ್ಲು ಮತ್ತು ಸ್ಟಾಪ್‌ವಾಚ್ ಸಾಕು. ಒಂದೇ ವೇಗದಲ್ಲಿ ಹೋಗುವಾಗ ಒಂದು ಕಿಲೋಮೀಟರಿಗೆ 45 ಸೆಕೆಂಡ್ ಹಿಡಿದರೆ 80 ಕಿ.ಮೀ. ವೇಗ. 40 ಸೆಕೆಂಡ್ ಆದರೆ 90. 60 ಸೆಕೆಂಡ್ ಆದರೆ 60. ಕಲ್ಲುಗಳ ನಡುವಿನ ಅಂತರ ಎಲ್ಲ ಕಡೆ ಕರಾರುವಾಕ್ಕಾಗಿ ಇರುವುದಿಲ್ಲ, ಅದಕ್ಕೇ ನಾಲ್ಕೈದು ಕಲ್ಲು ಅಳೆದು ಸರಾಸರಿ ತೆಗೆಯಿರಿ.

ಮುಳ್ಳು ಜಿಪಿಎಸ್‌ಗಿಂತ ಒಂದೆರಡು ಕಿ.ಮೀ. ಜಾಸ್ತಿ ತೋರಿಸಿದರೆ ಗಾಬರಿ ಬೇಡ. ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸಬಾರದು ಅಂತ ವಿಶ್ವಸಂಸ್ಥೆಯ 39ನೇ ವಾಹನ ನಿಯಮ ಹೇಳುತ್ತದೆ. ಆದ್ದರಿಂದ ತಯಾರಕರು ಸ್ವಲ್ಪ ಮೇಲಕ್ಕೇ ಇಡುತ್ತಾರೆ. ಆದರೆ ಮುಳ್ಳು 80ರಲ್ಲಿದ್ದು ಜಿಪಿಎಸ್ 86 ಅಂದರೆ ಅದು ದೋಷವೇ.

ಇದೇ ಟೆಸ್ಟಿನಲ್ಲಿ ಸ್ಕ್ಯಾನರಿನಿಂದ ಇನ್ನೆರಡು ಅಂಕಿ ಬೇಕು: ಆಕ್ಸಿಲರೇಟರ್ ಪೆಡಲ್ ಎಷ್ಟು ಶೇಕಡಾ, ಎಂಜಿನ್ ಲೋಡ್ (ಎಂಜಿನ್ ತನ್ನ ಶಕ್ತಿಯಲ್ಲಿ ಎಷ್ಟು ಬಳಸುತ್ತಿದೆ ಅನ್ನುವುದು) ಎಷ್ಟು ಶೇಕಡಾ. ಅರ್ಧ ಕೆಲಸ ಇವೇ ಮುಗಿಸುತ್ತವೆ. ಹೇಗೆ ಅಂತ ಮುಂದೆ ನೋಡೋಣ.

ಲಾರಿ 65–70ಕ್ಕೇ ನಿಂತುಬಿಡುತ್ತದೆ

ಇದು ಎಲ್ಲಕ್ಕಿಂತ ಜಾಸ್ತಿ ಬರುವ ದೂರು. ಇದರಲ್ಲೇ ಎಲ್ಲರೂ ಗವರ್ನರ್ ಮೇಲೆ ತಪ್ಪು ಹೊರಿಸುವುದು.

ಪೆಡಲ್ 100, ಲೋಡ್ 40 ಅಂತ ಬಂದರೆ ಡ್ರೈವರ್ ಕೇಳುತ್ತಿದ್ದಾರೆ, ಇಸಿಯು ಬೇಕಂತಲೇ ಕೊಡುತ್ತಿಲ್ಲ. ಅಂದರೆ ಯಾವುದೋ ಒಂದು ಮಿತಿ ಕೆಲಸ ಮಾಡುತ್ತಿದೆ. ಪೆಡಲ್ 100, ಲೋಡ್ 100 ಇದ್ದೂ ಲಾರಿ ಏರುತ್ತಿಲ್ಲ ಅಂದರೆ ಗವರ್ನರಿಗೂ ಇದಕ್ಕೂ ಸಂಬಂಧವಿಲ್ಲ. ಎಂಜಿನ್ನಿಗೆ ಎಳೆಯಲು ಆಗುತ್ತಿಲ್ಲ. ಡೀಸೆಲ್ ಫಿಲ್ಟರ್ ಕಟ್ಟಿರಬಹುದು, ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಹೋಸ್ ಸೀಳಿರಬಹುದು, ಏರ್ ಫಿಲ್ಟರ್ ತುಂಬಿರಬಹುದು, ಬ್ರೇಕ್ ಹಿಡಿದುಕೊಂಡೇ ಇರಬಹುದು. ಗಾಡಿ ನಿಲ್ಲಿಸಿದ ತಕ್ಷಣ ಎಲ್ಲ ಬ್ರೇಕ್ ಡ್ರಮ್‌ಗಳ ಹತ್ತಿರ ಕೈ ಹಿಡಿದು ನೋಡಿ, ಮುಟ್ಟಬೇಡಿ. ಒಂದು ಮಾತ್ರ ಉರಿಯುವಷ್ಟು ಬಿಸಿ ಇದ್ದರೆ ಉತ್ತರ ಅಲ್ಲೇ ಇದೆ.

ಪೆಡಲೇ 80 ಶೇಕಡಾ ದಾಟುತ್ತಿಲ್ಲ ಅಂದರೆ ಪೆಡಲ್ ಕಡೆ ನೋಡಬೇಕು. ಮೊದಲು ಕಾಲಡಿಯ ಮ್ಯಾಟ್ ತೆಗೆದು ನೋಡಿ. ಮ್ಯಾಟ್ ಮಡಚಿಕೊಂಡು ಪೆಡಲ್ ಪೂರ್ತಿ ಇಳಿಯದ ಲಾರಿಗಳು ಸುಮಾರಿವೆ. ಆಮೇಲೆ ಪೆಡಲಿನ ಸೆನ್ಸರ್.

ಮಿತಿಯೇ ಕೆಲಸ ಮಾಡುತ್ತಿದೆ ಅಂತ ಖಚಿತವಾದ ಮೇಲೆ, ಯಾವ ಮಿತಿ ಅಂತ ಕೇಳಬೇಕು. ಒಂದು ಇಸಿಯುನಲ್ಲಿ ಹಲವು ಮಿತಿಗಳು ಇರುತ್ತವೆ. ಮುಖ್ಯ ವೇಗ ಮಿತಿ ಒಂದು. ಡಂಪರ್ ಬಾಡಿ ಎತ್ತಿದಾಗ ಅಥವಾ ಪಿಟಿಒ (ಎಂಜಿನ್ ಶಕ್ತಿಯಿಂದ ಪಂಪಿನಂಥ ಸಾಧನ ಓಡಿಸುವ ಜೋಡಣೆ) ಹಾಕಿದಾಗ ಕೆಲಸ ಮಾಡುವ ಎರಡನೇ ಮಿತಿ ಇನ್ನೊಂದು. ಬಾಡಿ ಇಳಿದಿದ್ದರೂ ಅದರ ಸ್ವಿಚ್ ಅಂಟಿಕೊಂಡಿದ್ದರೆ ಲಾರಿ ಆ ಎರಡನೇ ಮಿತಿಗೇ ಕಟ್ಟಿಹಾಕಿದ ಹಾಗೆ ಓಡುತ್ತದೆ. ಸ್ವಿಚ್ ಮೇಲೆ ಒಣಗಿದ ಕೆಸರು ಕೂತಿರುತ್ತದೆ, ಅಷ್ಟೇ. ಹೊಗೆ ಶುದ್ಧ ಮಾಡುವ ಯೂರಿಯಾ ದ್ರವ ಮುಗಿದಾಗ ಅಥವಾ ಸೈಲೆನ್ಸರಿನ ಫಿಲ್ಟರ್ ಕಟ್ಟಿಕೊಂಡಾಗ ಇಸಿಯು ತಾನೇ ಶಕ್ತಿ ಇಳಿಸುತ್ತದೆ, ಕೆಲವು ಗಾಡಿಗಳಲ್ಲಿ ವೇಗವನ್ನೂ ಇಳಿಸುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಅದರ ದೀಪ ಉರಿಯುತ್ತಿದೆಯಾ ಅಂತ ನೋಡದೆ ಗವರ್ನರಿಗೆ ಕೈ ಹಾಕಬೇಡಿ.

ಒಂದು ಸುಲಭದ ಪರೀಕ್ಷೆ ಇದೆ. ಒಂದು ಗೇರ್ ಕೆಳಗೆ ಇಳಿಸಿ ಅದೇ ವೇಗಕ್ಕೆ ಬನ್ನಿ. ಗೇರ್ ಬದಲಾದರೂ ಲಾರಿ ಅದೇ ಕಿಲೋಮೀಟರಿಗೆ ನಿಂತರೆ ವೇಗ ಮಿತಿ. ಕಿಲೋಮೀಟರ್ ಬದಲಾಗಿ ಆರ್‌ಪಿಎಂ ಮಾತ್ರ ಅದೇ ಇದ್ದರೆ ಅದು ಎಂಜಿನ್ನಿನ ಆರ್‌ಪಿಎಂ ಮಿತಿ, ಅದರ ಕಾರಣಗಳೇ ಬೇರೆ.

ಮುಳ್ಳು 80ರಲ್ಲೇ ಇದೆ, ಲಾರಿ ಮಾತ್ರ ಜಾಸ್ತಿ ಓಡುತ್ತಿದೆ

ಈ ದೋಷದ ಬಗ್ಗೆ ಡ್ರೈವರ್ ದೂರು ಕೊಡುವುದಿಲ್ಲ. ಯಾರಾದರೂ ಜಿಪಿಎಸ್ ದಾಖಲೆ ನೋಡಿದಾಗ ಗೊತ್ತಾಗುತ್ತದೆ, ಇಲ್ಲವೇ ಅಪಘಾತ ಆದ ಮೇಲೆ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುವುದು ಇದೇ. ಡ್ರೈವರ್ ನಿಯಮ ಪಾಲಿಸುತ್ತಿದ್ದೇನೆ ಅಂತ ಪ್ರಾಮಾಣಿಕವಾಗಿ ನಂಬಿರುತ್ತಾರೆ. ಮುಳ್ಳೂ ಅದನ್ನೇ ಹೇಳುತ್ತಿರುತ್ತದೆ.

ಮುಳ್ಳು ಮತ್ತು ಇಸಿಯು ಒಂದೇ ಅಂಕಿ ಹೇಳಿ ಜಿಪಿಎಸ್ ಯಾವಾಗಲೂ ಬೇರೆ ಹೇಳಿದರೆ ಸಾಮಾನ್ಯವಾಗಿ ಸೆನ್ಸರ್ ಚೆನ್ನಾಗಿದೆ, ಲೆಕ್ಕ ತಪ್ಪಿದೆ. ಸೆನ್ಸರ್ ಎಣಿಸುವುದು ಗೇರ್‌ಬಾಕ್ಸಿನ ಔಟ್‌ಪುಟ್ ಶಾಫ್ಟ್ ಎಷ್ಟು ಸುತ್ತಿತು ಅಂತ. ಅಲ್ಲಿಂದ ರಸ್ತೆಗೆ ಬರುವ ಹೊತ್ತಿಗೆ ನಡುವೆ ಕ್ರೌನ್-ಪಿನಿಯನ್ (ಶಾಫ್ಟಿನ ಸುತ್ತನ್ನು ಹಿಂದಿನ ಚಕ್ರಗಳಿಗೆ ದಾಟಿಸುವ ಗೇರ್ ಜೋಡಿ) ಇದೆ, ಟೈರ್ ಇದೆ. ಇವೆರಡರಲ್ಲಿ ಏನೇ ಬದಲಾದರೂ ಸೆನ್ಸರಿಗೆ ತಿಳಿಯುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಲಾರಿಯ ಹೌಸಿಂಗ್ (ಕ್ರೌನ್-ಪಿನಿಯನ್ ಇರುವ ಹಿಂದಿನ ಆಕ್ಸಲ್) ಕೆಟ್ಟಿತು, ಬೇರೆ ಲಾರಿಯಿಂದ ತಂದ ಹೌಸಿಂಗ್ ಹಾಕಿದರು. ಮೊದಲಿನದ್ದು 4.1 ರೇಷಿಯೊ, ಈಗಿನದ್ದು 3.7. ಅಂದರೆ ಮೊದಲು ಶಾಫ್ಟ್ 4.1 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು ಹೋಗುತ್ತಿತ್ತು, ಈಗ 3.7ಕ್ಕೇ ಹೋಗುತ್ತದೆ. 4.1 ಅನ್ನು 3.7ರಿಂದ ಭಾಗಿಸಿದರೆ 1.108. ಇಸಿಯು 80 ಅಂದುಕೊಂಡಾಗ ಲಾರಿ 88.6ರಲ್ಲಿ ಓಡುತ್ತಿರುತ್ತದೆ. ಗವರ್ನರ್ ಬಾಕ್ಸ್ ಹತ್ತು ಸಲ ಬದಲಾಯಿಸಿದರೂ ಇದು ಹೋಗುವುದಿಲ್ಲ. ಹೊಸ ರೇಷಿಯೊ ಹಾಕಿ ಕ್ಯಾಲಿಬ್ರೇಟ್ ಮಾಡಬೇಕು, ಅಂದರೆ ಪಲ್ಸ್ ಅಂಕಿಯನ್ನು ಹೊಸದಾಗಿ ಹೊಂದಿಸಬೇಕು. ಹೌಸಿಂಗಿನ ಮೇಲೆ ತಗಡಿನ ಪ್ಲೇಟ್ ಇದ್ದರೆ ಅದರಲ್ಲಿ ರೇಷಿಯೊ ಇರುತ್ತದೆ. ಪ್ಲೇಟ್ ಇಲ್ಲದಿದ್ದರೆ ಗಾಡಿಗೆ ಅಡ್ಡಗಟ್ಟೆ ಇಟ್ಟು, ಡ್ರೈವ್ ಚಕ್ರಗಳನ್ನು ಎರಡೂ ಕಡೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಎರಡೂ ಒಟ್ಟಿಗೆ ಒಂದು ಸುತ್ತು ಹೋಗುವಾಗ ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ಅಂತ ಎಣಿಸಿ. ಚಾಕ್‌ಪೀಸಿನಲ್ಲಿ ಗುರುತು ಹಾಕಿಕೊಂಡರೆ ಸುಲಭ. ಹತ್ತು ಸುತ್ತು ಎಣಿಸಿ ಭಾಗಿಸಿದರೆ ಅಂಕಿ ನಿಖರವಾಗಿ ಬರುತ್ತದೆ.

ಟೈರಿನ ಪರಿಣಾಮ ಇದಕ್ಕಿಂತ ಚಿಕ್ಕದು, ಆದರೆ ಎಲ್ಲ ಲಾರಿಗಳಲ್ಲೂ ಇರುತ್ತದೆ. 295/80 ಆರ್ 22.5 ಅಳತೆಯ ಟೈರಿನ ವ್ಯಾಸ ಸುಮಾರು 1,044 ಮಿ.ಮೀ. ಹೊಸದರಲ್ಲಿ ಟೈರಿನ ಮೈಮೇಲಿನ ಗುಂಡಿಯ (ಟ್ರೆಡ್) ಆಳ 15 ಮಿ.ಮೀ. ಅಂತಿಟ್ಟುಕೊಳ್ಳಿ. ಸವೆದು 3ಕ್ಕೆ ಬಂದರೆ ವ್ಯಾಸ 24 ಮಿ.ಮೀ. ಕಮ್ಮಿಯಾಯಿತು, ಅಂದರೆ ಶೇಕಡಾ 2.3. ಹೊಸ ಟೈರಿಗೆ ಕ್ಯಾಲಿಬ್ರೇಟ್ ಮಾಡಿದ ಲಾರಿ ಸವೆದ ಟೈರಿನಲ್ಲಿ 78ಕ್ಕೇ ನಿಲ್ಲುತ್ತದೆ. ಸವೆದ ಟೈರಿಗೆ ಕ್ಯಾಲಿಬ್ರೇಟ್ ಮಾಡಿ ಹೊಸ ಟೈರ್ ಹಾಕಿದರೆ ಉಲ್ಟಾ, ಸುಮಾರು 82ಕ್ಕೆ ಹೋಗುತ್ತದೆ. ಅದಕ್ಕೇ ಕ್ಯಾಲಿಬ್ರೇಷನ್ ಯಾವಾಗಲೂ ಹೊಸ ಟೈರ್ ಇದ್ದಾಗ ಮಾಡಿಸಿ. ಟೈರಿನ ಅಳತೆಯನ್ನೇ ಬದಲಾಯಿಸಿದ್ದರೆ ಮರು ಕ್ಯಾಲಿಬ್ರೇಷನ್ ಕಡ್ಡಾಯ ಅಂತಲೇ ತಿಳಿಯಿರಿ.

ಈ ಎಂಟೊಂಬತ್ತು ಕಿಲೋಮೀಟರಿಗೆ ಯಾಕಿಷ್ಟು ತಲೆಕೆಡಿಸಿಕೊಳ್ಳಬೇಕು ಅನ್ನುವವರಿಗೆ ಒಂದು ಲೆಕ್ಕ. ಡಿಕ್ಕಿಯ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. ವ್ಯತ್ಯಾಸ ಎದ್ದು ಕಾಣಲಿ ಅಂತ ದೊಡ್ಡ ಅಂಕಿ ಹಿಡಿಯೋಣ: 80ರ ಬದಲು 100ರಲ್ಲಿ ಹೋದರೆ ವೇಗ ಕಾಲು ಭಾಗ ಜಾಸ್ತಿ, ಶಕ್ತಿ ಶೇಕಡಾ 56 ಜಾಸ್ತಿ. ಡ್ರೈವರ್ ಬ್ರೇಕ್ ಒತ್ತಲು ಒಂದೂವರೆ ಸೆಕೆಂಡ್, ಬ್ರೇಕ್ ಚೆನ್ನಾಗಿದ್ದು ಪ್ರತಿ ಸೆಕೆಂಡಿಗೆ ವೇಗ ಗಂಟೆಗೆ 18 ಕಿ.ಮೀ.ನಷ್ಟು ಇಳಿಯುತ್ತದೆ ಅಂತ ಹಿಡಿದರೆ, 80ರಲ್ಲಿ ಲಾರಿ ನಿಲ್ಲಲು ಸುಮಾರು 83 ಮೀಟರ್ ಬೇಕು. 100ರಲ್ಲಿ 119 ಮೀಟರ್. ಆ 36 ಮೀಟರಿನಲ್ಲಿ ಎರಡು ಲಾರಿ ನಿಲ್ಲುತ್ತವೆ. ಲಾರಿಯ ಹಿಂದೆ ನಿಂತ ಕಾರಿನಲ್ಲಿ ಒಂದು ಕುಟುಂಬವೂ ಇರಬಹುದು.

ಮುಳ್ಳು ಒಂದು, ಇಸಿಯು ಇನ್ನೊಂದು ಹೇಳಿದರೆ ಬೇರೆ ಕಥೆ. ಆಮೇಲೆ ಕೂರಿಸಿದ ಗವರ್ನರ್ ಬಾಕ್ಸಿಗೆ ಅದರದ್ದೇ ಪಲ್ಸ್ ಸೆಟ್ಟಿಂಗ್ ಇರುತ್ತದೆ. ಅದು ಈ ಲಾರಿಗೆ ಹೊಂದದೆ ಬೇರೆ ಮಾಡೆಲಿನ ಅಂಕಿ ಉಳಿದುಕೊಂಡಿದ್ದರೆ ಹೀಗಾಗಬಹುದು.

ಮಿತಿಯ ಹತ್ತಿರ ಬಂದಾಗ ಎಳೆದಾಡುತ್ತದೆ

ಸರಿಯಾಗಿರುವ ಗವರ್ನರ್ ಮಿತಿಗೆ ಬರುವಾಗ ಡೀಸೆಲನ್ನು ನಿಧಾನಕ್ಕೆ ಇಳಿಸುತ್ತದೆ, ಡ್ರೈವರಿಗೆ ಗೊತ್ತೇ ಆಗಬಾರದು. 78ರಲ್ಲಿ ತಳ್ಳಿ 80ರಲ್ಲಿ ಹಿಡಿದು ಮತ್ತೆ ತಳ್ಳಿ, ಹೀಗೆ ಜರ್ಕ್ ಹೊಡೆಯುತ್ತಿದ್ದರೆ ಮೂರು ಕಡೆ ನೋಡಿ.

ಮೊದಲನೆಯದು ಎರಡು ಗವರ್ನರ್ ಒಂದರ ಜತೆ ಒಂದು ಜಗಳವಾಡುವುದು. ಕಂಪನಿಯ ಇಸಿಯುನಲ್ಲಿ 80 ಇದ್ದೇ ಇರುತ್ತದೆ. ಅದು ಗೊತ್ತಿಲ್ಲದೆ ಹೊರಗಿನ ಬಾಕ್ಸ್ ಒಂದನ್ನು ಪೆಡಲಿನ ವೈರಿಗೆ ಸೇರಿಸಿ ಅದನ್ನೂ 80ಕ್ಕೆ ಇಟ್ಟಿರುತ್ತಾರೆ. ಒಂದು ಡೀಸೆಲ್ ಇಳಿಸುವ ಹೊತ್ತಿಗೆ ಇನ್ನೊಂದು ಪೆಡಲಿನ ಸಿಗ್ನಲ್ ಇಳಿಸುತ್ತದೆ. ವೇಗ ಬೀಳುತ್ತದೆ, ಎರಡೂ ಒಟ್ಟಿಗೆ ಬಿಡುತ್ತವೆ, ಲಾರಿ ಮುನ್ನುಗ್ಗುತ್ತದೆ. ಯಾವುದು ಕಾನೂನುಬದ್ಧವಾಗಿ ದಾಖಲಾಗಿದೆ ಅಂತ ಕಾಗದ ನೋಡಿ ಅದೊಂದೇ ಉಳಿಯುವ ಹಾಗೆ ಅಧಿಕೃತ ಸರ್ವೀಸಿನವರಿಂದ ಮಾಡಿಸಿ.

ಎರಡನೆಯದು ಪೆಡಲಿನ ಸಿಗ್ನಲ್. ಎಲೆಕ್ಟ್ರಾನಿಕ್ ಪೆಡಲಿನಿಂದ ಎರಡು ಸಿಗ್ನಲ್ ಹೊರಡುತ್ತವೆ. ಬಹಳಷ್ಟು ಲಾರಿಗಳಲ್ಲಿ ಒಂದು ಇನ್ನೊಂದರ ಅರ್ಧ ಇರುತ್ತದೆ. ಇಸಿಯು ಎರಡನ್ನೂ ಹೋಲಿಸುತ್ತಲೇ ಇರುತ್ತದೆ. ಹೊರಗಿನ ಬಾಕ್ಸ್ ಒಂದನ್ನು ಮಾತ್ರ ಸರಿಯಾಗಿ ಇಳಿಸಿ ಇನ್ನೊಂದನ್ನು ತಡವಾಗಿ ಇಳಿಸಿದರೆ ಹೊಂದಾಣಿಕೆ ತಪ್ಪುತ್ತದೆ. ಇಸಿಯು ಆಗ ಪೆಡಲನ್ನೇ ನಂಬುವುದು ಬಿಟ್ಟು ಎಂಜಿನ್ನನ್ನು ಐಡಲಿಗೆ ತರುತ್ತದೆ. ಹೆದ್ದಾರಿ ನಡುವೆ ಇದು ಆದರೆ ತುಂಬಾ ಅಪಾಯ. ಈ ಲಕ್ಷಣ ಕಂಡ ಲಾರಿಯನ್ನು ರಿಪೇರಿ ಆಗುವ ತನಕ ಲೋಡಿಗೆ ಕಳಿಸಬೇಡಿ.

ಮೂರನೆಯದು ಅರ್ತ್, ಅಂದರೆ ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ಜೋಡಣೆ. ಬಹಳ ಸಲ ಕೊನೆಗೆ ಸಿಕ್ಕಿಬೀಳುವುದು ಇದೇ. ಎಂಜಿನ್ ಚಾಲೂ ಇಟ್ಟು, ಲೈಟ್, ವೈಪರ್, ಫ್ಯಾನ್ ಎಲ್ಲ ಹಾಕಿ. ಮಲ್ಟಿಮೀಟರಿನ ಒಂದು ಕಡ್ಡಿ ಬಾಕ್ಸಿನ ಅರ್ತ್ ಪಿನ್ನಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತ್ ಕೆಟ್ಟಿದೆ. ಚಾಸಿಗೆ ಕಟ್ಟಿದ ರಿಂಗ್ ಟರ್ಮಿನಲ್ ಬಿಚ್ಚಿ, ಕೆಳಗಿನ ಬಣ್ಣ, ತುಕ್ಕು ಉಜ್ಜಿ ಹೊಳೆಯುವ ಲೋಹ ಕಾಣಿಸಿ ಮತ್ತೆ ಕಟ್ಟಿ.

ಒಮ್ಮೊಮ್ಮೆ ಮಾತ್ರ ಆಗುತ್ತದೆ

ಮಳೆ ಬಂದಾಗ, ಅಥವಾ ಎರಡು ಗಂಟೆ ಓಡಿ ಬಿಸಿಯಾದ ಮೇಲೆ ಮಾತ್ರ ಆಗುತ್ತದೆ ಅಂದರೆ ಸೆನ್ಸರ್ ಮತ್ತು ಅದರ ವೈರಿಂಗ್ ನೋಡಿ. ಸ್ಕ್ಯಾನರಿನಲ್ಲಿ ಜೆ1939 (ಭಾರಿ ವಾಹನಗಳ ಕಂಪ್ಯೂಟರುಗಳು ಬಳಸುವ ಮಾನದಂಡ) ಕೋಡ್ ಎಸ್‌ಪಿಎನ್ 84 ಬಂದಿದೆಯಾ ನೋಡಿ. ಎಸ್‌ಪಿಎನ್ ಯಾವ ಅಂಕಿಯಲ್ಲಿ ದೋಷ ಅಂತ ಹೇಳುತ್ತದೆ, ಎಫ್‌ಎಂಐ ಎಂಥ ದೋಷ ಅಂತ. 84 ಅಂದರೆ ಚಕ್ರದ ಸುತ್ತಿನಿಂದ ಲೆಕ್ಕ ಹಾಕಿದ ಗಾಡಿಯ ವೇಗ. ಜತೆಗೆ ಎಫ್‌ಎಂಐ 2 ಇದ್ದರೆ ಅಂಕಿ ನೆಟ್ಟಗೆ ನಿಲ್ಲುತ್ತಿಲ್ಲ, 3 ಇದ್ದರೆ ವೋಲ್ಟೇಜ್ ಜಾಸ್ತಿ, 4 ಇದ್ದರೆ ಕಮ್ಮಿ, 8 ಇದ್ದರೆ ಪಲ್ಸಿನ ಲಯ ಸರಿಯಿಲ್ಲ. ಕೋಡನ್ನು ಅಳಿಸುವ ಮೊದಲು ಬರೆದುಕೊಳ್ಳಿ, ಫೋಟೋ ತೆಗೆದುಕೊಳ್ಳಿ. ಅಳಿಸಿದರೆ ಸುಳಿವೂ ಹೋಯಿತು.

ಸೆನ್ಸರ್ ಹೊರ ತೆಗೆದಾಗ ಅದರ ತುದಿ ನೋಡಿ. ಒಳಗೆ ಅಯಸ್ಕಾಂತ ಇರುವುದರಿಂದ ಗೇರ್ ಎಣ್ಣೆಯಲ್ಲಿರುವ ಲೋಹದ ಪುಡಿ ಬಂದು ಮೆತ್ತಿಕೊಳ್ಳುತ್ತದೆ. ಬೂದು ಬಣ್ಣದ, ಜಿಗುಟಾದ, ಬೆರಳಿಗೆ ಮರಳಿನ ಹಾಗೆ ತಾಗುವ ಪದರ. ಅದು ದಪ್ಪವಾದಷ್ಟೂ ಸಿಗ್ನಲ್ ಸೋಲುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ. ಪುಡಿಯ ಬದಲು ಚೂರುಗಳೇ ಸಿಕ್ಕರೆ ಗೇರ್‌ಬಾಕ್ಸ್ ಒಳಗೇ ಏನೋ ಮುರಿದಿದೆ, ಗವರ್ನರ್ ವಿಷಯ ಅಲ್ಲಿಗೆ ಬಿಟ್ಟು ಅದನ್ನು ನೋಡಿ. ತುದಿಗೆ ಗೇರಿನ ಹಲ್ಲು ತಾಗಿದ ಗೀರು ಇದ್ದರೆ ಸೆನ್ಸರ್ ಜಾಸ್ತಿ ಒಳಗೆ ಕೂತಿತ್ತು. ತಿರುಪಿನ ಮಾದರಿಯವನ್ನು ಹಲ್ಲಿಗೆ ತಾಗುವ ತನಕ ಒಳಕ್ಕೆ ತಿರುಗಿಸಿ ಅರ್ಧದಿಂದ ಮುಕ್ಕಾಲು ಸುತ್ತು ಹಿಂದಕ್ಕೆ ತರುವುದು ರೂಢಿ, ಆದರೆ ಎಲ್ಲಕ್ಕೂ ಇದು ಹೊಂದುವುದಿಲ್ಲ. ಕೆಲವು ಸೆನ್ಸರ್ ಪೂರ್ತಿ ಬಿಗಿಯಬೇಕು. ತಯಾರಕರ ಪುಸ್ತಕ ನೋಡಿಯೇ ಕೂರಿಸಿ.

ಎರಡು ವೈರಿನ ಸೆನ್ಸರ್ ಆದರೆ ಶಾಫ್ಟ್ ತಿರುಗಿಸಿದಾಗ ಎಸಿ ವೋಲ್ಟೇಜ್ ಬರಬೇಕು, ವೇಗ ಹೆಚ್ಚಿದ ಹಾಗೆ ಏರಬೇಕು. ಮೂರು ವೈರಿನದಾದರೆ ಒಂದರಲ್ಲಿ ಪವರ್, ಒಂದರಲ್ಲಿ ಅರ್ತ್ ಸರಿಯಾಗಿ ಬರುತ್ತಿದೆಯಾ ನೋಡಿ, ಮೂರನೆಯದರಲ್ಲಿ ಹಲ್ಲು ದಾಟಿದಾಗಲೆಲ್ಲ ವೋಲ್ಟೇಜ್ ಏರಿಳಿಯಬೇಕು. ಸೆನ್ಸರ್ ಸರಿಯಿದ್ದರೆ ಕಪ್ಲರ್ (ವೈರ್ ಸೇರುವ ಪ್ಲಗ್) ಬಿಚ್ಚಿ. ಪಿನ್ನಿನ ಬುಡದಲ್ಲಿ ಹಸಿರು ಕಿಲುಬು ಇದ್ದರೆ ಮಳೆಗಾಲದ ದೂರಿಗೆ ಅದೇ ಕಾರಣ. ವೈರಿನ ಶೀಲ್ಡ್ (ಹೊರಗಿನ ಸಿಗ್ನಲ್ ತಡೆಯುವ ಹೊದಿಕೆ) ಕಿತ್ತುಹೋಗಿ, ಆಲ್ಟರ್ನೇಟರ್ ವೈರಿನ ಜತೆಗೇ ಕಟ್ಟಿದ್ದರೆ ಇಲ್ಲದ ಪಲ್ಸ್‌ಗಳು ಸೇರಿಕೊಳ್ಳುತ್ತವೆ. ಇಸಿಯು ಲಾರಿ ಜಾಸ್ತಿ ವೇಗದಲ್ಲಿದೆ ಅಂದುಕೊಂಡು ಬೇಗ ಹಿಡಿದುಬಿಡುತ್ತದೆ.

ಇಳಿಜಾರಿನಲ್ಲಿ 80 ದಾಟಿದರೆ

ಅದು ದೋಷವಲ್ಲ. ಗವರ್ನರ್ ಡೀಸೆಲ್ ನಿಲ್ಲಿಸಬಲ್ಲದು, ಬ್ರೇಕ್ ಹಾಕುವುದಿಲ್ಲ. ಲೋಡ್ ತಳ್ಳುವಾಗ ಲಾರಿ ಮಿತಿ ದಾಟುತ್ತದೆ. ಕೆಳ ಗೇರ್, ಎಕ್ಸಾಸ್ಟ್ ಬ್ರೇಕ್, ರಿಟಾರ್ಡರ್ (ಈ ಎರಡೂ ಚಕ್ರದ ಬ್ರೇಕ್ ಬಳಸದೆ ವೇಗ ಇಳಿಸುತ್ತವೆ) ಇವೇ ಅಲ್ಲಿ ಕೆಲಸಕ್ಕೆ ಬರುವುದು. ಹೊಸ ಡ್ರೈವರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಗವರ್ನರ್ ಇದೆಯಲ್ಲ ಅನ್ನುವ ಧೈರ್ಯದಲ್ಲಿ ನ್ಯೂಟ್ರಲ್ ಮಾಡಿ ಇಳಿಸುವುದು ಜೀವಕ್ಕೇ ಕುತ್ತು.

ಗವರ್ನರ್ ತಪ್ಪಿಸಲು ವೈರ್ ಕತ್ತರಿಸಿದ ಲಾರಿ ಬಂದಾಗ

ಸೀಲ್ ಒಡೆದಿದೆಯಾ, ಸೆನ್ಸರ್ ವೈರಿಗೆ ಟೇಪ್ ಸುತ್ತಿದ ಹೊಸ ಜೋಡಣೆ ಇದೆಯಾ, ಗೇರ್‌ಬಾಕ್ಸಿನ ಹತ್ತಿರ ಹೊರಗಿನಿಂದ ಅಯಸ್ಕಾಂತ ಅಂಟಿಸಿದ್ದಾರಾ, ಇವನ್ನು ಪ್ರತಿ ಸಲ ನೋಡಿ. ಡ್ರೈವರನ್ನು ಬೈಯುವ ಮೊದಲು ಯಾಕೆ ಮಾಡಿದರು ಅಂತ ಕೇಳಿ. ಎಷ್ಟೋ ಸಲ ಗವರ್ನರ್ 70ಕ್ಕೇ ಹಿಡಿಯುತ್ತಿರುತ್ತದೆ, ಅಥವಾ ಓವರ್‌ಟೇಕ್ ನಡುವೆ ಜರ್ಕ್ ಹೊಡೆದು ಅವರು ಹೆದರಿರುತ್ತಾರೆ. ಹೇಳಿದರೂ ಯಾರೂ ಸರಿಮಾಡಿರುವುದಿಲ್ಲ.

ಓವರ್‌ಟೇಕ್ ದೂರಿನಲ್ಲಿ ನಿಜ ಇದೆ. ಒಂದು ಲಾರಿ 80ಕ್ಕೆ, ಇನ್ನೊಂದು 78ಕ್ಕೆ ನಿಲ್ಲುತ್ತದೆ ಅಂದುಕೊಳ್ಳಿ. ಎರಡೂ 16 ಮೀಟರ್ ಉದ್ದ, ಹಿಂದೆ ಮುಂದೆ 25 ಮೀಟರ್ ಜಾಗ. ಒಟ್ಟು 82 ಮೀಟರ್ ದಾಟಬೇಕು, ಗಂಟೆಗೆ 2 ಕಿ.ಮೀ. ವ್ಯತ್ಯಾಸದಲ್ಲಿ. ಸುಮಾರು ಎರಡೂವರೆ ನಿಮಿಷ ಬೇಕು. ಅಷ್ಟರಲ್ಲಿ 3 ಕಿ.ಮೀ.ಗೂ ಜಾಸ್ತಿ ರಸ್ತೆ ಮುಗಿದಿರುತ್ತದೆ, ಹಿಂದಿನ ಗಾಡಿಗಳೆಲ್ಲ ಸಾಲುಗಟ್ಟಿರುತ್ತವೆ. ಇದಕ್ಕೆ ಮದ್ದು ವೈರ್ ಕತ್ತರಿಸುವುದಲ್ಲ. 78ಕ್ಕೆ ನಿಲ್ಲುವ ಲಾರಿಯ ಡ್ರೈವರ್ ಕಾಲು ಸಡಿಲಿಸಿ 70ಕ್ಕೆ ಇಳಿದು ದಾರಿ ಕೊಟ್ಟರೆ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ. ಒಬ್ಬರದ್ದೇ ಹತ್ತಾರು ಲಾರಿ ಇದ್ದರೆ ಎಲ್ಲವೂ ಒಂದೇ ವೇಗಕ್ಕೆ ನಿಲ್ಲುತ್ತವೆಯಾ ಅಂತ ಅಳೆದು ಇಟ್ಟರೆ, ಅವು ಒಂದನ್ನೊಂದು ದಾಟುವ ಪ್ರಸಂಗವೇ ಬರುವುದಿಲ್ಲ.

ಸೆನ್ಸರ್ ಸಿಗ್ನಲನ್ನು ಕೊಂದರೆ ಇಸಿಯು ಸುಮ್ನೆ ಇರುವುದಿಲ್ಲ ಅನ್ನುವುದನ್ನೂ ಅವರಿಗೆ ಹೇಳಿ. ವೇಗದ ಅಂಕಿ ಕಾಣೆಯಾದರೆ ಬಹಳಷ್ಟು ಲಾರಿಗಳು ಆರ್‌ಪಿಎಂ ಕಟ್ಟಿಹಾಕುತ್ತವೆ. ಆಟೊಮ್ಯಾಟಿಕ್ ಗೇರ್ ಇದ್ದರೆ ಗೇರ್ ಬದಲಾವಣೆಯೂ ಕೆಡಬಹುದು, ಯಾಕಂದ್ರೆ ಗಾಡಿ ನಿಂತಿದೆ ಅಂತ ಅದು ತಿಳಿದಿರುತ್ತದೆ.

ಬಾಕ್ಸಿನ ಸರದಿ

ಇಷ್ಟೆಲ್ಲ ನೋಡಿದ ಮೇಲೂ ದೋಷ ಉಳಿದಿದ್ದರೆ ಬಾಕ್ಸ್ ಮೇಲೆ ಅನುಮಾನ ಪಡಬಹುದು. ತಯಾರಕರು ಪರೀಕ್ಷೆಗೆ ಅಂತಲೇ ಬೈಪಾಸ್ ಪ್ಲಗ್ (ಬಾಕ್ಸನ್ನು ಬಿಟ್ಟು ಪೆಡಲಿನ ಸಿಗ್ನಲ್ ನೇರ ಹೋಗುವ ಹಾಗೆ ಮಾಡುವುದು) ಕೊಟ್ಟಿದ್ದರೆ, ಗಾಡಿ ನಿಂತಿರುವಾಗ, ವರ್ಕ್‌ಶಾಪಿನ ಒಳಗೆ ಮಾತ್ರ ಹಾಕಿ ಪೆಡಲಿನ ಎರಡೂ ಸಿಗ್ನಲ್ ಅಳೆಯಿರಿ. ಬಾಕ್ಸ್ ಇಲ್ಲದಾಗ ಸರಿ ಬಂದು ಇದ್ದಾಗ ತಪ್ಪಿದರೆ ಬಾಕ್ಸೇ ಕೆಟ್ಟಿದೆ. ಪ್ಲಗ್ ಹಾಕಿಕೊಂಡು ಲಾರಿ ಗೇಟ್ ದಾಟಬಾರದು.

ರಿಪೇರಿ ಮುಗಿದ ಮೇಲೆ ಮೊದಲಿನ ರೋಡ್ ಟೆಸ್ಟ್ ಅದೇ ರಸ್ತೆಯಲ್ಲಿ ಇನ್ನೊಮ್ಮೆ ಮಾಡಿ. ಮೂರೂ ಅಂಕಿ, ಟೈರಿನ ಅಳತೆ, ಗುಂಡಿಯ ಆಳ, ಹೌಸಿಂಗಿನ ರೇಷಿಯೊ, ತುಂಬಿಸಿದ ಪಲ್ಸ್ ಅಂಕಿ, ಹೊಸ ಸೀಲಿನ ನಂಬರ್ ಇವನ್ನೆಲ್ಲ ಗಾಡಿಯ ಫೈಲಿನಲ್ಲಿ ಬರೆದಿಡಿ. ಮುಂದಿನ ಸಲ ಟೈರ್ ಅಥವಾ ಹೌಸಿಂಗ್ ಬದಲಾಯಿಸುವವರು ಮೊದಲು ತೆರೆಯಬೇಕಾದ್ದು ಆ ಹಾಳೆಯನ್ನೇ.